ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕು ತೆಗೆದದ್ದು: ನನ್ನ ಅನುಭವ

ಎರಡು ವರ್ಷ ಅರ್ಧ ಟ್ಯಾಂಕ್ ಪೆಟ್ರೋಲಿನೊಂದಿಗೆ ನಿಂತಲ್ಲೇ ನಿಂತಿದ್ದ ನನ್ನ ಹಳೆಯ ಬೈಕನ್ನು ಮತ್ತೆ ಓಡಿಸಲು ಹೊರಟಾಗ ಎಂಜಿನ್ ಸಲೀಸಾಗಿಯೇ ಶುರುವಾಯಿತು. ಆದರೆ ಹತ್ತು ನಿಮಿಷ ಓಡಿದ ಮೇಲೆ ತಡವರಿಸಿ ನಿಂತುಬಿಡುತ್ತಿತ್ತು. ಕಾರ್ಬುರೇಟರ್ ಬಿಚ್ಚಿ ನೋಡಿದರೆ ಅದರ ಬಟ್ಟಲಿನ ತಳದಲ್ಲಿ ಹಿಟ್ಟಿನಷ್ಟು ನುಣ್ಣನೆಯ ಕಂದು ಪುಡಿ ಕೂತಿತ್ತು. ಕಾರ್ಬುರೇಟರಿನೊಳಗೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಪುಟ್ಟ ನಳಿಕೆಯಾದ ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಇಂಥ ಪುಡಿ ಒಂದಿಷ್ಟು ಸೇರಿದರೂ ಅದು ಮುಚ್ಚಿಹೋಗುತ್ತದೆ. ಮೂರು ಸಲ ಕಾರ್ಬುರೇಟರ್ ಶುಚಿ ಮಾಡಿ, ಮೂರು ಸಲವೂ ಅದೇ ಪುಡಿಯನ್ನು ಕಂಡ ಮೇಲೆಯೇ ನಾನು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡಿದ್ದು. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಅದು.

ತುಕ್ಕು ಟ್ಯಾಂಕಿನೊಳಗೆ ಎಲ್ಲೆಡೆ ಒಂದೇ ಸಮನಾಗಿ ಹಿಡಿದಿರುವುದಿಲ್ಲ. ಪೆಟ್ರೋಲಿನ ಮಟ್ಟಕ್ಕಿಂತ ಮೇಲೆ, ಗಾಳಿ ತುಂಬಿದ ಭಾಗದಲ್ಲಿ, ಹಗಲು ಕಾದು ರಾತ್ರಿ ತಣ್ಣಗಾಗುವ ತಗಡಿನ ಮೇಲೆ ತೇವ ಕಟ್ಟಿ ತೆಳುವಾದ ತುಕ್ಕು ಹರಡುತ್ತದೆ. ಆ ತೇವ ಹನಿಯಾಗಿ ಇಳಿದು, ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ, ಅಲ್ಲಿ ತಗಡಿನಲ್ಲಿ ಗುಳಿ ಬೀಳುವಷ್ಟು ಆಳವಾಗಿ ತಿನ್ನುತ್ತದೆ. ಎಥನಾಲ್ ಬೆರೆತ ಪೆಟ್ರೋಲು ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದಾದರೂ, ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಎರಡೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಬೈಕಿನ ಟ್ಯಾಂಕು ಚಾಸಿಯ ಕೊಳವೆಯ ಎರಡೂ ಬದಿಗೆ ಜೋಳಿಗೆಯಂತೆ ಇಳಿಬಿದ್ದಿರುವುದರಿಂದ, ಪೆಟ್ರೋಲ್ ಕಾಕ್ (ಪೆಟ್ರೋಲನ್ನು ಹೊರಬಿಡುವ ತಳದ ನಲ್ಲಿ) ಇಲ್ಲದ ಬದಿಯಲ್ಲಿ ಸೇರಿದ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ. ನನ್ನ ಟ್ಯಾಂಕಿನಲ್ಲೂ ಆ ಬದಿಯೇ ಹೆಚ್ಚು ಕೆಟ್ಟಿತ್ತು.

ಮೊದಲ ಪ್ರಯತ್ನದಲ್ಲಿ ನಾನು ಕೆಟ್ಟ ದಾರಿ ಹಿಡಿದೆ. ಬೇಗ ಮುಗಿಯುತ್ತದೆಂಬ ಸಲಹೆಯನ್ನು ನಂಬಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಟ್ಯಾಂಕಿಗೆ ಸುರಿದೆ. ಅರ್ಧ ಗಂಟೆಯಲ್ಲಿ ಒಳಗೆಲ್ಲ ಬೆಳ್ಳಿಯಂತೆ ಹೊಳೆಯಿತು. ಹಿಗ್ಗಿ, ನಾಲ್ಕು ಸಲ ನೀರಿನಿಂದ ತೊಳೆದು, ಬೋರಲಾಗಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಒಳಗೋಡೆಯ ತುಂಬ ಹೊಸ ಕಿತ್ತಳೆ ಬಣ್ಣದ ತುಕ್ಕು ಹಬ್ಬಿತ್ತು. ಆಮ್ಲ ತಿಂದುಳಿದ ಬತ್ತಲೆ ಉಕ್ಕಿಗೆ ಯಾವ ಕಾಪೂ ಇರುವುದಿಲ್ಲ. ಅದರ ಮೇಲೆ ನೀರಿನ ತೆಳು ಪೊರೆಯೂ ಗಾಳಿಯೂ ಸೇರಿದರೆ ನಿಮಿಷಗಳಲ್ಲಿ ಬಣ್ಣ ತಿರುಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವಾದರೆ ಗುಳಿಗಳಲ್ಲಿ ಉಳಿದ ಕ್ಲೋರೈಡು ಆ ತುಕ್ಕನ್ನು ಇನ್ನಷ್ಟು ಉದ್ರೇಕಿಸುತ್ತದೆ. ಅದೂ ಸಾಲದೆಂಬಂತೆ, ಅದು ತುಕ್ಕಿನೊಂದಿಗೆ ಒಳ್ಳೆಯ ಉಕ್ಕನ್ನೂ ಕರಗಿಸುತ್ತದೆ. ಆ ಆಮ್ಲವನ್ನು ನಾನು ಮತ್ತೆ ಮುಟ್ಟಿಲ್ಲ.

ಎರಡನೆಯ ಸಲ ಸಿಟ್ರಿಕ್ ಆಮ್ಲವನ್ನು ಆರಿಸಿಕೊಂಡೆ. ನೀರಿನ ಮೂಲಕ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸುವ ಎಲೆಕ್ಟ್ರಾಲಿಸಿಸ್ ವಿಧಾನವನ್ನೂ ಯೋಚಿಸಿದ್ದೆ. ವಾಷಿಂಗ್ ಸೋಡಾ ಕರಗಿಸಿದ ನೀರು, ಬ್ಯಾಟರಿ ಚಾರ್ಜರ್ ಮತ್ತು ಒಂದು ಕಬ್ಬಿಣದ ಸರಳು ಇದ್ದರೆ ಸಾಕು, ಒಳ್ಳೆಯ ತಗಡಿಗೆ ಹಾನಿಯೂ ಕಡಿಮೆ. ಆದರೆ ಸರಳಿಗೆ ನೇರವಾಗಿ ಎದುರಿರುವ ಭಾಗ ಚೆನ್ನಾಗಿ ಶುಚಿಯಾದಷ್ಟು ಮರೆಯಲ್ಲಿರುವ ಭಾಗ ಆಗುವುದಿಲ್ಲ, ಮತ್ತು ಎರಡು ಜೋಳಿಗೆಗಳಿರುವ ಟ್ಯಾಂಕಿನಲ್ಲಿ ಮರೆಯೇ ಹೆಚ್ಚು. ಹೊರಬರುವ ಹೈಡ್ರೋಜನ್ ಅನಿಲವೂ ಹೊತ್ತಿಕೊಳ್ಳುವಂಥದ್ದು.

ಸಿದ್ಧತೆಗೆ ಒಂದು ಇಡೀ ದಿನ ಹಿಡಿಯಿತು. ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಹಳೆಯ ಪೆಟ್ರೋಲನ್ನು ಡಬ್ಬಕ್ಕೆ ಇಳಿಸಿದೆ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು; ಗಾಳಿಯಲ್ಲಿ ನೂರಕ್ಕೆ ಒಂದೂವರೆಯಿಂದ ಏಳರಷ್ಟು ಪೆಟ್ರೋಲ್ ಆವಿ ಬೆರೆತರೆ ಒಂದು ಕಿಡಿಗೆ ಅದು ಸಿಡಿಯುತ್ತದೆ. ಆಮೇಲೆ ಕಾಕ್, ಮುಚ್ಚಳ ಮತ್ತು ಪೆಟ್ರೋಲಿನ ಮಟ್ಟ ತೋರಿಸುವ ಗೇಜಿನ ಫ್ಲೋಟ್ ಮೂರನ್ನೂ ಬಿಚ್ಚಿದೆ. ಕಾಕ್ ಮತ್ತು ಮುಚ್ಚಳದಲ್ಲಿ ಸಾಮಾನ್ಯವಾಗಿ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹವಿರುವುದರಿಂದ ಆಮ್ಲಕ್ಕೆ ಅವು ಬೇಗ ಸೋಲುತ್ತವೆ. ತೆರೆದ ರಂಧ್ರಗಳಿಗೆ ರಬ್ಬರ್ ಹಾಳೆಯಿಟ್ಟು ತಗಡಿನ ತುಂಡುಗಳನ್ನು ಬೋಲ್ಟಿನಿಂದ ಬಿಗಿದೆ. ಟ್ಯಾಂಕಿನ ಹೊರಗಿನ ಬಣ್ಣದ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಾಯಿಯ ಸುತ್ತ ಟೇಪು ಅಂಟಿಸಿದೆ.

ಒಳಗಿನ ಜಿಡ್ಡು ಹೋಗದೆ ಆಮ್ಲ ತುಕ್ಕನ್ನು ಮುಟ್ಟುವುದೇ ಇಲ್ಲ. ಹಳೆಯ ಪೆಟ್ರೋಲು ಆರಿ ಉಳಿದ ಅಂಟು ತುಕ್ಕಿನ ಮೇಲೆ ವಾರ್ನಿಷಿನಂತೆ ಕೂತಿರುತ್ತದೆ. ಪಾತ್ರೆ ತೊಳೆಯುವ ಸೋಪು ಮತ್ತು ಬಿಸಿನೀರು ಹಾಕಿ, ನೊರೆಯಲ್ಲಿ ಪೆಟ್ರೋಲಿನ ವಾಸನೆ ಉಳಿಯದಷ್ಟು ಸಲ, ಎಂದರೆ ನನಗೆ ಐದು ಸಲ, ತೊಳೆದೆ. ನಂತರ ಸಡಿಲವಾದ ಹೊಪ್ಪಳೆಗಳನ್ನು ಉದುರಿಸಲು 40 ಸಣ್ಣ ನಟ್ಟುಗಳನ್ನು ಎಣಿಸಿ ಹಾಕಿ, ಒಂದಿಷ್ಟು ಸೋಪುನೀರಿನೊಡನೆ ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ಹೊರಳಿಸಿ ಅಲ್ಲಾಡಿಸಿದೆ. ಎಣಿಸದೆ ಹಾಕಬಾರದು, ಕೊನೆಗೆ ಎರಡು ನಟ್ಟು ಒಳಮೂಲೆಯಲ್ಲಿ ಸಿಕ್ಕಿಕೊಂಡಿದ್ದವು, ತಂತಿಯ ತುದಿಗೆ ಅಯಸ್ಕಾಂತ ಕಟ್ಟಿ ಅವನ್ನು ಎಳೆದೆ.

12 ಲೀಟರ್ ಹಿಡಿಯುವ ಟ್ಯಾಂಕಿಗೆ 1 ಕಿಲೋ ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಧರಿಸಿ, ಕಂಠದವರೆಗೂ ತುಂಬಿದೆ. ಅನಿಲ ಹೊರಹೋಗಬೇಕಾದ್ದರಿಂದ ಬಾಯಿಯನ್ನು ಬಿಗಿಯಾಗಿ ಮುಚ್ಚಲಿಲ್ಲ, ಬಟ್ಟೆಯೊಂದನ್ನು ಹೊದಿಸಿದೆ. ಕೆಲವು ಗಂಟೆಗಳಲ್ಲಿ ನೀರು ಹಳದಿಯಾಗಿ, ಆಮೇಲೆ ಹಸಿರು ಮಿಶ್ರಿತ ಕಂದಾಯಿತು; ತುಕ್ಕು ಕಬ್ಬಿಣದ ಸಿಟ್ರೇಟಾಗಿ ಕರಗುತ್ತಿರುವುದರ ಗುರುತು ಅದು. ಎಂಟು ಗಂಟೆಗೊಮ್ಮೆ ಟಾರ್ಚ್ ಹಿಡಿದು ನೋಡುತ್ತಾ 20 ಗಂಟೆಗೆ ನಿಲ್ಲಿಸಿದೆ. ತುಕ್ಕು ಮುಗಿದ ಮೇಲೂ ಬಿಟ್ಟರೆ ಈ ಸೌಮ್ಯ ಆಮ್ಲವೂ ತಗಡನ್ನೇ ತಿನ್ನತೊಡಗುತ್ತದೆ, ಆದ್ದರಿಂದ ಗಡಿಯಾರವನ್ನು ನಂಬುವುದಕ್ಕಿಂತ ಕಣ್ಣನ್ನು ನಂಬುವುದು ಒಳ್ಳೆಯದು.

ಆಮ್ಲ ಸುರಿಯುವುದು ಯಾರಿಗೂ ಬರುತ್ತದೆ. ಅದನ್ನು ಹೊರಚೆಲ್ಲಿದ ಮೇಲಿನ ಒಂದು ಗಂಟೆಯಲ್ಲಿಯೇ ಮೊದಲ ಸಲ ನಾನು ಸೋತದ್ದು. ಈ ಸಲ ಬೇಕಾದದ್ದನ್ನೆಲ್ಲ ಮೊದಲೇ ಕೈಗೆಟುಕುವಂತೆ ಜೋಡಿಸಿಕೊಂಡಿದ್ದೆ: ಅಡುಗೆ ಸೋಡಾ ಕರಗಿಸಿದ ನೀರಿನ ಬಕೆಟ್, ಕುದಿಯುವಷ್ಟು ಬಿಸಿಯಾದ ನೀರು, ಕೂದಲು ಒಣಗಿಸುವ ಡ್ರೈಯರ್, ಎಣ್ಣೆ ಬೆರೆಸಿದ ಪೆಟ್ರೋಲು. ಆಮ್ಲವನ್ನು ಹೊರಗೆ ಬಸಿದ ಕೂಡಲೇ, ತಗಡಿಗೆ ಗಾಳಿಯಲ್ಲಿ ಆರಲು ಅವಕಾಶ ಕೊಡದೆ, ಸೋಡಾ ನೀರನ್ನು ತುಂಬಿ ನೊರೆ ನಿಲ್ಲುವವರೆಗೂ ಅಲ್ಲಾಡಿಸಿದೆ. ಸೋಡಾ ಉಳಿದ ಆಮ್ಲವನ್ನು ತಣಿಸುವುದಲ್ಲದೆ ನೀರನ್ನು ಕ್ಷಾರೀಯವಾಗಿಸುತ್ತದೆ, ಅಂಥ ನೀರಿನಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುವುದಿಲ್ಲ. ಆದರೆ ಸೋಡಾ ಒಳಗೇ ಒಣಗಿದರೆ ಪೆಟ್ರೋಲಿನಲ್ಲಿ ಕರಗದ ಬಿಳಿ ಪುಡಿಯಾಗಿ ಮತ್ತೆ ಜೆಟ್ಟಿಗೇ ಕುತ್ತು. ಹಾಗಾಗಿ ಕೊನೆಯಲ್ಲಿ ಬಿಸಿನೀರಿನಿಂದ ಒಮ್ಮೆ ಗಲಬರಿಸಿ ಚೆಲ್ಲಿದೆ. ತಗಡು ಮುಟ್ಟಲಾಗದಷ್ಟು ಕಾದಿದ್ದರಿಂದ ಒಳಗಿನ ನೀರು ತಾನಾಗಿಯೇ ಆವಿಯಾಗತೊಡಗಿತು. ಕಾಕ್ ಕೂರುವ ರಂಧ್ರವನ್ನು ತೆರೆದಿಟ್ಟು, ಬಾಯಿಯಿಂದ ಡ್ರೈಯರಿನ ಗಾಳಿ ಹಾಯಿಸಿದೆ. ಹತ್ತು ನಿಮಿಷಕ್ಕೊಮ್ಮೆ ಟ್ಯಾಂಕನ್ನು ಮಗ್ಗುಲು ಬದಲಿಸಿದೆ, ಏಕೆಂದರೆ ಬೆಸುಗೆಯ ಅಂಚಿನಲ್ಲಿ ಅಡಗಿದ ನೀರು ಬೇರೆ ಹೇಗೂ ಹೊರಬರುವುದಿಲ್ಲ. ಪೆಟ್ರೋಲಿನ ವಾಸನೆ ಒಂದಿಷ್ಟಾದರೂ ಉಳಿದಿದ್ದರೆ, ಅಥವಾ ಒಳಗೆ ಸ್ಪಿರಿಟ್ ಹಾಕಿದ್ದರೆ, ಡ್ರೈಯರನ್ನು ಹತ್ತಿರವೂ ತರಕೂಡದು.

ಪೂರ್ತಿ ಒಣಗಿ, ಪೂರ್ತಿ ತಣ್ಣಗಾದ ಮೇಲೆ, ಡ್ರೈಯರನ್ನು ದೂರವಿಟ್ಟು ಬಂದು, ಕಾಕಿನ ರಂಧ್ರವನ್ನು ಮತ್ತೆ ಬಿಗಿದು, ಅರ್ಧ ಲೀಟರ್ ಪೆಟ್ರೋಲಿಗೆ 50 ಮಿಲಿಲೀಟರ್ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿ ಸುರಿದು ಎಲ್ಲ ಗೋಡೆಗೂ ತಾಗುವಂತೆ ಹೊರಳಿಸಿದೆ. ಒಳಗೆ ಬಳಿಯುವ ಎಪಾಕ್ಸಿ ಲೇಪವನ್ನು ಬೇಕೆಂದೇ ಬಿಟ್ಟೆ. ತಗಡು ತೂತಾಗಿದ್ದರೆ ಅದಕ್ಕೆ ಅರ್ಥವಿದೆ. ಇಲ್ಲವಾದರೆ, ಎಲ್ಲೋ ಒಂದು ಕಡೆ ಜಿಡ್ಡೋ ತೇವವೋ ಉಳಿದು ಲೇಪ ಎದ್ದು ಬಂತೆಂದರೆ, ಅದರ ಚೂರುಗಳನ್ನು ಕೆರೆದು ತೆಗೆಯುವುದು ತುಕ್ಕು ತೆಗೆಯುವುದಕ್ಕಿಂತ ಕಷ್ಟದ ಕೆಲಸ.

ಕಾಕಿನ ಜಾಲರಿಯನ್ನು ತೊಳೆದು ಕೂರಿಸಿ, ಪೆಟ್ರೋಲ್ ಪೈಪಿನ ನಡುವೆ ಪಾರದರ್ಶಕ ಫಿಲ್ಟರ್ ಒಂದನ್ನು ಸೇರಿಸಿದೆ. ಮೊದಲ ಎರಡು ವಾರ ಅದರಲ್ಲಿ ಕಂದು ಪುಡಿ ಸ್ವಲ್ಪ ಸೇರಿತು. ಅದನ್ನು ಬದಲಿಸಿದ ಮೇಲೆ ಆರು ತಿಂಗಳಾದರೂ ಹೊಸದು ಹೊಸದಾಗಿಯೇ ಇದೆ, ಕಾರ್ಬುರೇಟರ್ ಮತ್ತೆ ಬಿಚ್ಚಿಲ್ಲ. ಟ್ಯಾಂಕಿನ ಮುಂತುದಿಯ ಮೇಲ್ಭಾಗದಲ್ಲಿ ಮಾತ್ರ ಅಂಗೈಯ ಅರ್ಧದಷ್ಟು ಜಾಗದಲ್ಲಿ ಹಳೆಯ ತುಕ್ಕು ಹಾಗೆಯೇ ಉಳಿದಿದೆ. ಆಮ್ಲ ತುಂಬುವಾಗ ಮುಂತುದಿ ಬಾಯಿಗಿಂತ ಎತ್ತರದಲ್ಲಿದ್ದುದರಿಂದ ಅಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಮುಂತುದಿಯನ್ನು ನಾಲ್ಕು ಬೆರಳಷ್ಟು ತಗ್ಗಿಸಿಟ್ಟು ತುಂಬಿದ್ದರೆ ಅದೂ ಹೋಗುತ್ತಿತ್ತು.