ಹತ್ತು ರೂಪಾಯಿ ದಂಡದ ಡಬ್ಬಿ: ಹದಿಹರೆಯದ ಮಕ್ಕಳೊಂದಿಗೆ ನಮ್ಮ ಶನಿವಾರದ ಸಂಜೆಗಳು

2022ರ ಜೂನ್ ತಿಂಗಳಲ್ಲಿ, ಧಾರವಾಡದ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಸಮಿತಿಯ ಮುಂದೆ, ಮಕ್ಕಳು ಫೋನಿನಲ್ಲಿ ಇಷ್ಟಪಟ್ಟು ನೋಡುವುದನ್ನು ದೊಡ್ಡವರೂ ಮುಖ ಕೆಡಿಸದೆ ಅವರೊಂದಿಗೆ ಕುಳಿತು ನೋಡುವ ನನ್ನ ಯೋಜನೆಯನ್ನು ಇಟ್ಟಾಗ ಹಿರಿಯರೊಬ್ಬರು, ‘ಮಾಸ್ತರ, ನೀವು ಹುಡುಗರನ್ನ ದಾರಿಗೆ ತರಾಕ ಹೊಂಟೀರೋ, ನೀವ ದಾರಿ ತಪ್ಪಾಕ ಹೊಂಟೀರೋ?’ ಎಂದು ಕೇಳಿದ್ದರು. ಕಳೆದ ತಿಂಗಳು ಅದೇ ಹಿರಿಯರು ತಮ್ಮ ಮೊಮ್ಮಗನ ಸರದಿಯ ದಿನ ನಮ್ಮ ಮನೆಗೆ ಬಂದು, ಮುಖ ಕೆಡಿಸಿದ್ದಕ್ಕೆ ನಲವತ್ತು ರೂಪಾಯಿ ದಂಡ ಕಟ್ಟಿ, ಎರಡು ಮಿರ್ಚಿ ಭಜಿ ತಿಂದು, ಮುಂದಿನ ಶನಿವಾರ ಯಾರ ಮನೆಯಲ್ಲಿ ಸೇರುವುದೆಂದು ವಿಚಾರಿಸಿಕೊಂಡು ಹೋದರು. ಹಾಗಾಗಿ ಇದನ್ನು ಬರೆಯುವ ಹಕ್ಕು ಈಗ ನನಗೆ ಬಂದಿದೆ ಎಂದುಕೊಂಡಿದ್ದೇನೆ. ಸಂಡೇ ಸ್ಕೂಲಿನಲ್ಲಿಯೂ ಯೌವನಸ್ಥರ ಸಂಘದಲ್ಲಿಯೂ ಕೆಲಸ ಮಾಡುತ್ತಿರುವವರಿಗೆ ರೀಲ್ಸ್ ಎಂದರೇನು, ಮಕ್ಕಳು ಯಾವ ಹಾಡು ಕೇಳುತ್ತಾರೆ ಎಂಬುದನ್ನು ವಿವರಿಸುವ ಅಗತ್ಯವಿಲ್ಲ. ನಾನು ಎಲ್ಲಿ ಸೋತೆ, ಎಷ್ಟು ಹಣ ಕಳೆದೆ ಎಂಬುದರಿಂದಲೇ ಆರಂಭಿಸುತ್ತೇನೆ. ಲೆಕ್ಕಗಳೆಲ್ಲ ನೆನಪಿನಿಂದ ಹೇಳುವಂಥವು, ನೂರಿನ್ನೂರು ಆಚೀಚೆ ಆಗಬಹುದು.

ಮೊದಲನೆಯ ಸೋಲು 2021ರ ಡಿಸೆಂಬರ್ ತಿಂಗಳ ಒಂದು ದಿನದ ಶಿಬಿರ. ಹೊರಗಿನಿಂದ ಕರೆಸಿದ ಉಪನ್ಯಾಸಕರಿಗೆ ಹತ್ತು ಸಾವಿರ, ಪ್ರಯಾಣಕ್ಕೂ ವಸತಿಗೂ ಎರಡೂವರೆ ಸಾವಿರ, ಧ್ವನಿವರ್ಧಕಕ್ಕೆ ಮೂರು, ನೂರಿಪ್ಪತ್ತು ಜನರ ಊಟಕ್ಕೆ ಒಂಬತ್ತು, ಹೀಗೆ ಒಟ್ಟು ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು. ಆ ಮಹನೀಯರು ಪರದೆಯ ಮೇಲೆ ಹಾಡುಗಳ ಪಟ್ಟಿಯನ್ನು ತೋರಿಸಿ, ಒಂದೊಂದರಲ್ಲಿಯೂ ಸೈತಾನನ ಗುರುತು ಎಲ್ಲಿ ಅಡಗಿದೆ ಎಂದು ಬೊಟ್ಟು ಮಾಡಿದರು. ತಾಯಂದಿರು ನಡುಗಿದರು. ಹುಡುಗರು ಮಾತ್ರ ಬಹಳ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದುದನ್ನು ಕಂಡು ನನಗೆ ಸಂತೋಷವಾಯಿತು. ಅವರು ಬರೆದುಕೊಂಡದ್ದು ಹಾಡುಗಳ ಹೆಸರುಗಳನ್ನೆಂದೂ, ಅಂದು ರಾತ್ರಿಯೇ ಅವನ್ನೆಲ್ಲ ಹುಡುಕಿ ಕೇಳಿದರೆಂದೂ ನನ್ನ ಮಗನೇ ನನಗೆ ಹೇಳಿದ್ದು ಒಂದೂವರೆ ವರ್ಷದ ನಂತರ.

ಎರಡನೆಯದು ಮಕ್ಕಳ ಫೋನಿಗೆ ಕಾವಲು ಹಾಕುವ ಆ್ಯಪ್. ವರ್ಷಕ್ಕೆ ಎರಡು ಸಾವಿರದ ಮುನ್ನೂರರಂತೆ ಏಳು ಕುಟುಂಬಗಳಿಂದ ಹಣ ಹಾಕಿಸಿದೆ. ಆ ಏಳರಲ್ಲಿ ಮೂರು ಕುಟುಂಬದವರು ಇಂದಿಗೂ ನನಗೆ ಅದನ್ನು ನೆನಪಿಸುತ್ತಾರೆ. ಒಂಬತ್ತನೆಯ ದಿನಕ್ಕೆ ನನ್ನ ಮಗಳು ಅಜ್ಜಿಯ ಫೋನಿಗೆ ವಲಸೆ ಹೋಗಿದ್ದಳು. ಆದರೆ ಆ ಉಪಾಯ ಕೆಟ್ಟದ್ದು ಮಕ್ಕಳು ತಪ್ಪಿಸಿಕೊಂಡದ್ದರಿಂದ ಎಂದು ನಾನು ಹೇಳಲಾರೆ. ಪ್ರತಿ ರಾತ್ರಿ ನನ್ನ ಫೋನಿಗೆ ಅವರು ನೋಡಿದ್ದರ ಉದ್ದನೆಯ ಪಟ್ಟಿ ಬರುತ್ತಿತ್ತು. ನನಗೆ ಎಲ್ಲವೂ ಗೊತ್ತಿತ್ತು, ಆದರೆ ಒಂದನ್ನೂ ಕೇಳುವಂತಿರಲಿಲ್ಲ, ಏಕೆಂದರೆ ಕೇಳಿದರೆ ನಾನು ಕದ್ದು ನೋಡುತ್ತಿರುವುದು ಬಯಲಾಗುತ್ತಿತ್ತು. ಒಂದೇ ಮನೆಯಲ್ಲಿ ಅಪ್ಪನೂ ಮಕ್ಕಳೂ ಪರಸ್ಪರ ಬಚ್ಚಿಡುತ್ತಾ ಎರಡು ತಿಂಗಳು ಕಳೆದೆವು. ಸಭಾಂಗಣದಲ್ಲಿ ಚಲನಚಿತ್ರ ತೋರಿಸುವ ಮೂರನೆಯ ಯೋಚನೆ, ಹಕ್ಕುದಾರರ ಅನುಮತಿಯಿಲ್ಲದೆ ಸಾರ್ವಜನಿಕವಾಗಿ ತೋರಿಸುವಂತಿಲ್ಲವೆಂದು ಸಮಿತಿಯಲ್ಲಿದ್ದ ವಕೀಲರು ಹೇಳಿದಾಗ, ಪ್ರೊಜೆಕ್ಟರಿನ ಮುಂಗಡ ಹಣದೊಂದಿಗೆ ಮುಳುಗಿತು.

ದಾರಿ ತೋರಿಸಿದವಳು ಮಗಳೇ. ಆಗ ಅವಳಿಗೆ ಹದಿನಾಲ್ಕು. ನಾನು ಹತ್ತಿರ ಹೋದಾಗಲೆಲ್ಲ ಫೋನನ್ನು ಮಗುಚಿ ಇಡುವುದೇಕೆಂದು ಒಂದು ದಿನ ನೇರವಾಗಿ ಕೇಳಿದೆ. ‘ಪಪ್ಪಾ, ನಾವು ಏನರ ತೋರಸಿದಾಗ ನಿಮ್ಮ ಮಾರಿ ಹೆಂಗ ಆಗತೈತಿ ನೋಡ್ಕೊಂಡೀರೇನು?’ ಎಂದಳು. ಮರುದಿನ ತನಗೆ ಪ್ರಿಯವಾದ ಕೊರಿಯಾದ ಹಾಡೊಂದನ್ನು ನನಗೆ ತೋರಿಸುತ್ತಾ, ತಮ್ಮನ ಕೈಯಿಂದ ನನ್ನ ಮುಖವನ್ನು ಚಿತ್ರೀಕರಿಸಿದಳು. ನಾನು ಒಂದು ಮಾತೂ ಆಡಿರಲಿಲ್ಲ, ಬಹಳ ತಾಳ್ಮೆಯಿಂದ ನೋಡಿದೆನೆಂದೇ ಭಾವಿಸಿದ್ದೆ. ಆದರೆ ಆ ವಿಡಿಯೊದಲ್ಲಿದ್ದ ಮನುಷ್ಯ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಕೊಳೆತ ಮೀನಿನ ಮುಂದೆ ಕುಳಿತವನಂತೆ ಕಾಣುತ್ತಿದ್ದ. ಮಕ್ಕಳಿಗೆ ಪಾಠ ಮಾಡುವುದನ್ನು ಬಿಟ್ಟು ಮೊದಲು ತಾಯಿತಂದೆಯರ ಮುಖವನ್ನು ತಿದ್ದಬೇಕೆಂದು ಅಂದೇ ನಿಶ್ಚಯಿಸಿದೆ.

ನಾನು ಸಮಿತಿಯ ಮುಂದಿಟ್ಟ ಯೋಜನೆ ಇಷ್ಟೇ. ಶನಿವಾರ ಸಂಜೆ ಏಳೂವರೆಗೆ ಐದಾರು ಕುಟುಂಬಗಳು ಒಂದು ಮನೆಯಲ್ಲಿ ಸೇರಬೇಕು. ಸರದಿ ಬಂದ ಮಗು ತನಗೆ ಇಷ್ಟವಾದ ಐದು ನಿಮಿಷದೊಳಗಿನ ಯಾವುದನ್ನಾದರೂ, ಹಾಡಾಗಲಿ, ರೀಲ್ಸ್ ಆಗಲಿ, ಆಟದ ತುಣುಕಾಗಲಿ, ತೋರಿಸಬೇಕು. ದೊಡ್ಡವರು ಬಾಯಿ ತೆರೆಯದೆ, ಮುಖ ಕೆಡಿಸದೆ ನೋಡಬೇಕು. ‘ಛೀ’ ಎಂದರೆ, ಹುಬ್ಬು ಗಂಟಿಕ್ಕಿದರೆ, ‘ನಮ್ಮ ಕಾಲದಾಗ’ ಎಂದು ಆರಂಭಿಸಿದರೆ ಡಬ್ಬಿಗೆ ಹತ್ತು ರೂಪಾಯಿ ಹಾಕಬೇಕು. ತೀರ್ಪು ಕೊಡುವವರು ಮಕ್ಕಳು. ಎರಡನೆಯ ಸಲ ಮಗುವೇ ನಡುನಡುವೆ ನಿಲ್ಲಿಸುತ್ತಾ ತೋರಿಸುತ್ತದೆ, ಆಗ ಮೂರು ಪ್ರಶ್ನೆಗಳು. ಮೊದಲ ಆರು ವಾರ ದೇವರ ವಾಕ್ಯವನ್ನು, ಅಂದರೆ ಬೈಬಲ್ಲಿನ ಮಾತನ್ನು, ದೊಡ್ಡವರು ಎತ್ತಿ ಹೇಳಕೂಡದು. ಈ ಕೊನೆಯ ನಿಯಮಕ್ಕೆ ದೊಡ್ಡ ಗಲಾಟೆಯಾಯಿತು. ಸಭೆಗೂ ಇಂಥ ಲೋಕದ ಸಂಗತಿಗಳಿಗೂ ಏನು ಸಂಬಂಧವೆಂದು ಕೇಳಿದವರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯ ಪರಂಪರೆಯವರೇ ನಾವೆಂದೂ, ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗರು ಅದೇ ಮಿಶನ್ನಿನವರೆಂದೂ, ಜನ ಓದುವುದನ್ನೂ ಹಾಡುವುದನ್ನೂ ಅರಿಯಲು ದಾಸರ ಪದಗಳನ್ನೇ ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ ಎಂದೂ ಹೇಳಿದೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳ ಹದಿನೇಳನೆಯ ಅಧ್ಯಾಯದಲ್ಲಿ ಪೌಲನು ಅಥೆನ್ಸಿನವರಿಗೆ ಅವರದೇ ಕವಿಗಳ ಮಾತನ್ನು ಎತ್ತಿ ಹೇಳುವುದನ್ನು ಸಭಾಪಾಲಕರು ನೆನಪಿಸಿದ ಮೇಲೆ, ಮೂರು ತಿಂಗಳ ಮಟ್ಟಿಗೆ, ಸಭೆಯ ಹಣ ಮುಟ್ಟದೆ ನಡೆಸಿ ನೋಡಲು ಒಪ್ಪಿಗೆ ಸಿಕ್ಕಿತು.

ಆರಂಭವೂ ಸೊಗಸಾಗಿರಲಿಲ್ಲ. ಮೊದಲೆರಡು ವಾರ ಸಭಾಂಗಣದಲ್ಲಿ ನಡೆಸಿದೆ; ವೇದಿಕೆಯನ್ನು ಕಂಡೊಡನೆ ಮಕ್ಕಳು ಕ್ರಿಸ್ತೀಯ ಕೀರ್ತನೆಯ ವಿಡಿಯೊ ತೋರಿಸಿ ಜಾಣರಂತೆ ಕುಳಿತರು. ಮನೆಗಳಿಗೆ ಸ್ಥಳಾಂತರಿಸಿದ ಮೇಲೆ ನಿಜವಾದ ಸರಕು ಹೊರಬಂತು. ಹದಿನಾಲ್ಕು ಕುಟುಂಬಗಳಿಂದ ಹೊರಟವರು ಎರಡನೆಯ ತಿಂಗಳಿಗೆ ಆರಕ್ಕೆ ಇಳಿದೆವು, ಈಗ ಹನ್ನೊಂದಿದ್ದೇವೆ. ಮನೆಯಲ್ಲಿ ನಡೆಸಿದ ಮೊದಲ ಸಂಜೆ ಡಬ್ಬಿಯಲ್ಲಿ ಮುನ್ನೂರ ನಲವತ್ತು ರೂಪಾಯಿ ಬಿದ್ದಿತ್ತು, ಅದರಲ್ಲಿ ನನ್ನದೇ ಎಪ್ಪತ್ತು. ಆ ಹಣಕ್ಕೆ ಗಿರ್ಮಿಟ್ಟೂ ಮಿರ್ಚಿ ಭಜಿಯೂ ಬಂದವು. ಹನ್ನೆರಡನೆಯ ವಾರಕ್ಕೆ ಸಂಜೆಗೆ ಇಪ್ಪತ್ತು ಮೂವತ್ತು ಮಾತ್ರ ಬೀಳತೊಡಗಿದಾಗ, ಭಜಿಗೆ ಕೈಯಿಂದ ಹಣ ಹಾಕಬೇಕಾಯಿತೆಂದು ತಾಯಂದಿರು ಗೊಣಗಿದರು. ನನಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿರಲಿಲ್ಲ. ಮೂರು ವರ್ಷಗಳಲ್ಲಿ ಆದ ಒಟ್ಟು ಖರ್ಚು ಎರಡು ಸಾವಿರದೊಳಗೆ, ಅದೂ ಬಹುಪಾಲು ಒಂದು ಬ್ಲೂಟೂತ್ ಸ್ಪೀಕರಿನದು. ಇಪ್ಪತ್ತೈದು ಸಾವಿರದ ಶಿಬಿರವನ್ನು ನೆನೆದಾಗ ಹೊಟ್ಟೆ ಉರಿಯುತ್ತದೆ.

ಪ್ರಶ್ನೆಗಳಲ್ಲಿ ಎರಡನ್ನು ಹೇಳಬಲ್ಲೆ. ಇದರಲ್ಲಿ ನಿನಗೆ ಹಿಡಿಸಿದ್ದು ಯಾವುದು ಎಂಬುದು ಮೊದಲನೆಯದು, ಅದಕ್ಕೆ ತಾಯಿತಂದೆಯರೇ ಮೊದಲು ಪ್ರಾಮಾಣಿಕವಾಗಿ ಉತ್ತರ ಕೊಡಬೇಕು. ಇದು ಯಾರನ್ನು ದೊಡ್ಡವರನ್ನಾಗಿ ಮಾಡುತ್ತದೆ, ಯಾರನ್ನು ಸಣ್ಣವರನ್ನಾಗಿ ಮಾಡುತ್ತದೆ ಎಂಬುದು ಎರಡನೆಯದು. ಮೂರನೆಯದನ್ನು ಬರೆಯುವುದಿಲ್ಲ, ನಮ್ಮ ಮಕ್ಕಳೂ ಇದನ್ನು ಓದುವವರೇ, ಮುಂಚಿತವಾಗಿ ಗೊತ್ತಾದರೆ ಅದರ ಬಲ ಹೋಗುತ್ತದೆ. ಬಾಯಿ ಬಿಡದ ಹುಡುಗನನ್ನು ಮಾತಾಡಿಸಲು ನಾನು ಮಾಡುವ ಒಂದು ಸಣ್ಣ ಉಪಾಯವೂ ನನ್ನಲ್ಲೇ ಇರಲಿ. ಎಂಟನೆಯ ವಾರದಲ್ಲಿ ಹುಡುಗನೊಬ್ಬ, ನಾಯಕನು ಒಂದೇ ಕತ್ತಿಯಿಂದ ಹತ್ತಾರು ಜನರನ್ನು ಉರುಳಿಸುವ ದೃಶ್ಯವೊಂದನ್ನು ತೋರಿಸಿದ. ಎರಡನೆಯ ಪ್ರಶ್ನೆ ಬಂದಾಗ ಹದಿಮೂರರ ಹುಡುಗಿಯೊಬ್ಬಳು, ಬೈಬಲ್ಲಿನಲ್ಲಿ ತನ್ನನ್ನು ಕೊಲ್ಲಲು ಬೆನ್ನಟ್ಟಿದ್ದ ಅರಸ ಸೌಲನು ಗವಿಯಲ್ಲಿ ಕೈಗೆ ಸಿಕ್ಕಾಗ ದಾವೀದನು ಅವನ ನಿಲುವಂಗಿಯ ಅಂಚನ್ನಷ್ಟೇ ಕತ್ತರಿಸಿದ್ದು, ಅದಕ್ಕೂ ಅವನ ಮನಸ್ಸು ಚುಚ್ಚಿತಲ್ಲವೇ, ಅಂಥದನ್ನು ಸಿನಿಮಾ ಮಾಡಿದರೆ ಯಾರು ಸೀಟಿ ಹೊಡೆಯುತ್ತಾರೆ ಎಂದಳು. ಹತ್ತು ನಿಮಿಷ ಮಕ್ಕಳೇ ವಾದಿಸಿದರು. ವಾಕ್ಯವನ್ನು ದೊಡ್ಡವರು ಎತ್ತಕೂಡದೆಂಬ ನಿಯಮವನ್ನು ನಾನು ಅಂದಿನಿಂದ ಆರು ವಾರಕ್ಕೆ ಬದಲಾಗಿ ಶಾಶ್ವತ ಮಾಡಿದೆ.

ಬಿಜಿಎಂಐ ಎಂಬ, ಫೋನಿನಲ್ಲಿ ಗುಂಡು ಹಾರಿಸಿ ಕಾದಾಡುವ ಆಟದ ಪ್ರಸಂಗವನ್ನೂ ಹೇಳಬೇಕು. 2020ರ ಸೆಪ್ಟೆಂಬರಿನಲ್ಲಿ ಅದರ ಮೊದಲ ರೂಪವಾದ ಪಬ್‌ಜಿ ನಿಷೇಧವಾದಾಗ ಪ್ರಾರ್ಥನಾ ಗುಂಪಿನಲ್ಲಿ ಸ್ತೋತ್ರ ಸಲ್ಲಿಸಿದವರು ನಾವು. ಮರುವರ್ಷ ಅದು ಬಿಜಿಎಂಐ ಎಂದು ಹೆಸರು ಬದಲಿಸಿ ಬಂತು, 2022ರಲ್ಲಿ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ನಿಷೇಧವನ್ನು ನಂಬಿ ಕೂರುವುದು ವ್ಯರ್ಥವೆಂದು ಮಗನಿಂದಲೇ ಆಟ ಕಲಿತೆ. ಮೊದಲ ಹತ್ತು ಆಟಗಳಲ್ಲಿ ನೆಲಕ್ಕೆ ಇಳಿದೊಡನೆ ಸತ್ತೆ. ಆದರೆ ನಾಲ್ವರ ತಂಡವಾಗಿ ಆಡುವಾಗ ಆಟ ಅರ್ಧ ಗಂಟೆ ನಡೆಯುತ್ತದೆಂದೂ, ನಡುವೆ ‘ಊಟಕ್ಕ ಬಾ’ ಎಂದು ಕೂಗಿದರೆ ಅವನು ಮೂವರು ಗೆಳೆಯರಿಗೆ ದ್ರೋಹ ಮಾಡಿ ಏಳಬೇಕಾಗುತ್ತದೆಂದೂ ತಿಳಿಯಿತು. ಈಗ ನಮ್ಮ ಮನೆಯವರು ಆಟ ಆರಂಭವಾಗುವ ಮುಂಚೆಯೇ, ‘ಇದು ಮುಗದ ಮ್ಯಾಲೆ ತಾಟು ಹಾಕತೇನಿ’ ಎನ್ನುತ್ತಾರೆ. ಊಟದ ಹೊತ್ತಿನ ಜಗಳ ಮುಕ್ಕಾಲು ಪಾಲು ನಿಂತಿತು. ಇಷ್ಟೆಲ್ಲ ಬೀಗಿದ ನನ್ನ ಫೋನಿನಿಂದಲೇ ಅವನು ಬೇರೊಂದು ಫುಟ್‌ಬಾಲ್ ಆಟಕ್ಕೆ ಸಾವಿರದ ಎಂಟುನೂರು ರೂಪಾಯಿ ಸುರಿದದ್ದೂ ನಿಜ. ಯುಪಿಐ ಪಿನ್ ಅವನಿಗೆ ಗೊತ್ತಾಗುವಂತೆ ಒತ್ತುತ್ತಿದ್ದವನು ನಾನೇ. ಆ ಹಣವನ್ನು ಅವನು ವಾರಕ್ಕೆ ಐವತ್ತರಂತೆ ಒಂಬತ್ತು ತಿಂಗಳು ತೀರಿಸಿದ.

ಒಂದು ಪ್ರಯೋಗ ನನ್ನ ತಲೆಯಲ್ಲೇ ಹುಟ್ಟಿ ನೆಲಕಚ್ಚಿತು. 2024ರ ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ರೀಲ್ಸ್ ಉಪವಾಸ ಮಾಡೋಣವೆಂದೆ. ಆ ವರ್ಷ ಲೆಂಟ್ ಆರಂಭವಾಗುವ ಬೂದಿ ಬುಧವಾರ ಫೆಬ್ರವರಿ 14ರಂದೇ, ಅಂದರೆ ಪ್ರೇಮಿಗಳ ದಿನವೇ ಬಿದ್ದದ್ದನ್ನು ನಾನು ಗಮನಿಸಿರಲಿಲ್ಲ, ಮಕ್ಕಳು ಗಮನಿಸಿದ್ದರು. ಅವರ ಷರತ್ತಿನಂತೆ ದೊಡ್ಡವರು ವಾಟ್ಸ್ಆ್ಯಪ್ ಬಿಡಬೇಕಾಯಿತು. ದೊಡ್ಡವರಲ್ಲಿ ಮೊದಲನೆಯವರು ನಾಲ್ಕನೆಯ ದಿನ ಬಿದ್ದರು, ಮಕ್ಕಳಲ್ಲಿ ಮೊದಲನೆಯವನು ಹನ್ನೊಂದನೆಯ ದಿನ. ಈಸ್ಟರ್ ತನಕ ಉಳಿದವರು ಇಬ್ಬರು ಹುಡುಗಿಯರು ಮಾತ್ರ. ಇದಕ್ಕೆ ಪ್ರತಿಯಾಗಿ, ನಾನು ಏನೂ ಯೋಚಿಸದೆ ಬಿಟ್ಟದ್ದೊಂದು ಫಲ ಕೊಟ್ಟಿತು: ಹಾಡಿನ ಹುಚ್ಚಿನಿಂದ ಕೊರಿಯನ್ ಲಿಪಿ ಕಲಿತ ಮಗಳು, ದಕ್ಷಿಣ ಕೊರಿಯಾದಲ್ಲಿ ಸುಮಾರು ಕಾಲು ಭಾಗದಷ್ಟು ಜನ ಕ್ರೈಸ್ತರೆಂದು ತಾನೇ ಕಂಡುಕೊಂಡು, ಬೈಬಲ್ಲಿನ ಯೋಹಾನ ಮೂರು ಹದಿನಾರನೆಯ ವಚನವನ್ನು ಕೊರಿಯನ್ ಭಾಷೆಯಲ್ಲಿ ಕುಟುಂಬ ಪ್ರಾರ್ಥನೆಯಲ್ಲಿ ಓದಿದಳು. ಅವಳ ಅಜ್ಜಿಗೆ ಅರ್ಥವಾಗದಿದ್ದರೂ ಆಮೆನ್ ಎಂದರು.

ನಮ್ಮ ಎಣಿಕೆಯನ್ನು ಪೂರ್ತಿ ತಲೆಕೆಳಗು ಮಾಡಿದ ಸಂಜೆ ಬೇರೆ. ಮಕ್ಕಳು ಬಚ್ಚಿಡುವುದು ಅಶ್ಲೀಲವಾದದ್ದನ್ನೇ ಎಂದು ನಾವೆಲ್ಲ ನಂಬಿದ್ದೆವು. ಹದಿನಾರರ ಹುಡುಗನೊಬ್ಬ ತನ್ನ ಸರದಿಯಲ್ಲಿ, ಕ್ರಿಸ್‌ಮಸ್ ದಿನ ತಾನು ಹಾಕಿದ ಫೋಟೊದ ಕೆಳಗೆ ಅಪರಿಚಿತರು ನಮ್ಮ ನಂಬಿಕೆಯನ್ನು ಹೀನಾಯವಾಗಿ ಬೈದು ಬರೆದದ್ದನ್ನೂ, ತಾನು ಅಷ್ಟೇ ಕೆಟ್ಟದಾಗಿ ಕೊಟ್ಟ ಉತ್ತರವನ್ನೂ ತೋರಿಸಿದ. ನಾಲ್ಕು ತಿಂಗಳಿನಿಂದ ಅದನ್ನು ಒಬ್ಬನೇ ಹೊತ್ತು ತಿರುಗಿದ್ದ. ಅಪ್ಪನಿಗೆ ಹೇಳಿದರೆ ಫೋನು ಹೋಗುತ್ತದೆಂಬ ಹೆದರಿಕೆ. ಅಂದು ಯಾರ ಮುಖವೂ ಕೆಡಲಿಲ್ಲ, ಡಬ್ಬಿಗೆ ಒಂದು ಪೈಸೆಯೂ ಬೀಳಲಿಲ್ಲ. ಅವನ ಉತ್ತರವನ್ನು ಅವನೇ ಅಳಿಸಿದ, ಬೈದವರ ಖಾತೆಗಳನ್ನು ಬ್ಲಾಕ್ ಮಾಡಿದೆವು, ಅವನ ತಂದೆ ಮನೆಗೆ ಹೋಗುವಾಗ ಮಗನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದರು. ದೈವದ ಕಥೆಯುಳ್ಳ ಚಲನಚಿತ್ರಕ್ಕೆ ಕ್ರೈಸ್ತರಲ್ಲದ ಗೆಳೆಯರೊಂದಿಗೆ ಹೋಗಬಹುದೇ ಎಂಬ ಪ್ರಶ್ನೆ ಮುಂದೆ ಬಂದಾಗಲೂ, ‘ಅವ ನಮ್ಮ ಕ್ರಿಸ್‌ಮಸ್ಸಿಗೆ ಬಂದು ಕೇಕ್ ತಿಂತಾನ, ನಾ ಅವನ ಜೋಡಿ ಸಿನಿಮಾಕ್ಕ ಹೋಗಬಾರದ?’ ಎಂದು ಕೇಳಿದವನು ಇದೇ ಹುಡುಗ. ಎರಡು ಕುಟುಂಬದವರು ಕಳಿಸಿದರು, ಮೂವರು ಕಳಿಸಲಿಲ್ಲ. ನಾನು ಕಳಿಸಿದವರಲ್ಲಿ ಒಬ್ಬ, ಕಳಿಸದವರನ್ನು ತಪ್ಪೆಂದು ಹೇಳುವುದಿಲ್ಲ.

ತಾಂತ್ರಿಕ ಏರ್ಪಾಡುಗಳನ್ನು ನಾನು ತಿರಸ್ಕರಿಸಿಲ್ಲ. 2024ರ ನವೆಂಬರಿನಿಂದ ಸೆನ್ಸಾರಿನವರು ತಾಯಿತಂದೆಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಚಿತ್ರಗಳ ಯುಎ ಪ್ರಮಾಣಪತ್ರವನ್ನು ವಯಸ್ಸಿನಂತೆ ಏಳು, ಹದಿಮೂರು, ಹದಿನಾರು ಎಂದು ಒಡೆದು ಕೊಡುತ್ತಿರುವುದು ಚಿತ್ರಮಂದಿರಕ್ಕೆ ಹೋಗುವಾಗ ಅನುಕೂಲವೇ. ಇನ್‌ಸ್ಟಾಗ್ರಾಮ್ 2025ರ ಫೆಬ್ರವರಿಯಲ್ಲಿ ಭಾರತಕ್ಕೆ ತಂದ ಹದಿಹರೆಯದವರ ಖಾತೆಯಲ್ಲಿ, ಅಪರಿಚಿತರಿಗೆ ಕಾಣದಂಥ ಮುಚ್ಚಿದ ಖಾತೆಯೂ, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ನೋಟಿಫಿಕೇಶನ್‌ಗಳ ಮೌನವೂ ತಾವಾಗಿಯೇ ಬರುತ್ತವೆ. ತೊಡಕೆಂದರೆ ನಮ್ಮ ಹದಿನೇಳು ಮಕ್ಕಳಲ್ಲಿ ಹನ್ನೆರಡು ಮಂದಿ ತಾವು 2001ರ ಸುಮಾರಿಗೆ ಹುಟ್ಟಿದವರೆಂದು ಬರೆದುಕೊಂಡಿದ್ದರು. ಗದರಿಸದೆ ಕೇಳಿದ್ದರಿಂದ ಒಂಬತ್ತು ಮಂದಿ ತಾವೇ ಸರಿಪಡಿಸಿಕೊಂಡರು. ಉಳಿದ ಮೂವರಲ್ಲಿ ನನ್ನ ಮಗನೂ ಒಬ್ಬ, ಅವನೊಂದಿಗೆ ಮಾತುಕತೆ ಇನ್ನೂ ನಡೆಯುತ್ತಿದೆ.

ಇದನ್ನು ತಮ್ಮ ಸಭೆಯಲ್ಲಿ ಆರಂಭಿಸಬೇಕೆನ್ನುವವರು ಜೂನ್ ತಿಂಗಳಲ್ಲೇ ಆರಂಭಿಸಲಿ. ನಾನೊಮ್ಮೆ ಜನವರಿಯಲ್ಲಿ ಹೊಸ ಗುಂಪೊಂದನ್ನು ಕಟ್ಟಲು ಹೋಗಿ, ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ ಬಂದು, ಮೂರೇ ವಾರಕ್ಕೆ ಬಾಗಿಲು ಹಾಕಿದೆ. ತಾಯಂದಿರು ಮಾತ್ರ ಬರುವ ಮನೆಗಳಲ್ಲಿ ಅರ್ಧದಷ್ಟೂ ಕೆಲಸವಾಗುವುದಿಲ್ಲ, ತಂದೆಯರನ್ನು ಹೇಗಾದರೂ ಕರೆತರಬೇಕು. ನಮ್ಮಲ್ಲಿ ಬಹುಪಾಲು ತಂದೆಯರು ಬಂದದ್ದು ಮಿರ್ಚಿ ಭಜಿಗೆ.