ಹೇಳಿದ್ದೆಷ್ಟು, ಹೊಟ್ಟೆಗೆ ಹೋದದ್ದೆಷ್ಟು

ನಾನು ಕಾರವಾರದ ಒಂದು ಆಸ್ಪತ್ರೆಯಲ್ಲಿ ಡಯಟೀಷಿಯನ್. ದೊಡ್ಡ ಆಪರೇಷನ್ ಅಂದರೆ ನಮ್ಮ ಜಿಲ್ಲೆಯವರು ಈಗಲೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುತ್ತಾರೆ. ಒಡೆದ ಅಪೆಂಡಿಕ್ಸ್ ಅಷ್ಟು ಹೊತ್ತು ಕಾಯುವುದಿಲ್ಲ. ಒಂದು ಜುಲೈ ತಿಂಗಳ ಮಳೆಯಲ್ಲಿ ಅಂಕೋಲಾ ಕಡೆಯಿಂದ ಬಂದ ನಾಲ್ಕು ವರ್ಷದ ಹುಡುಗನದ್ದೂ ಅದೇ ಕಥೆ. ಹೊಟ್ಟೆ ತುಂಬ ಕೀವು. ಆಪರೇಷನ್ ಮುಗಿಸಿ ವೆಂಟಿಲೇಟರ್ ಸಮೇತ ಮಕ್ಕಳ ಐಸಿಯುಗೆ ತಂದರು.

ತೂಕ 12 ಕಿಲೋ. ಆ ವಯಸ್ಸಿಗೆ 16ರ ಆಸುಪಾಸು ಇರಬೇಕಿತ್ತು. ಸಲೈನ್ ಹೋಗಿ ಮೈ ಬಾತಿರುವುದರಿಂದ ಐಸಿಯು ತೂಕವನ್ನೊಂದೇ ನಾನು ನಂಬುವುದಿಲ್ಲ, ತೋಳಿಗೂ ಟೇಪು ಸುತ್ತುತ್ತೇನೆ. 12.8 ಸೆಂ.ಮೀ. ಬಂತು. ಐದು ವರ್ಷದೊಳಗಿನ ಮಕ್ಕಳಲ್ಲಿ 11.5ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. ಇವನು ಅಷ್ಟು ಇಳಿದಿರಲಿಲ್ಲ, ಆದರೆ ಮೈಯಲ್ಲಿ ಕೂಡಿಟ್ಟದ್ದು ಏನೂ ಇರಲಿಲ್ಲ.

ಸುಮ್ಮನೆ ಮಲಗಿದ ಮೈಗೆ ದಿನಕ್ಕೆಷ್ಟು ಕ್ಯಾಲರಿ ಬೇಕೆಂದು ಲೆಕ್ಕ ಹಾಕುವ ಸ್ಕೋಫೀಲ್ಡ್ ಸೂತ್ರದಲ್ಲಿ ಈ ವಯಸ್ಸಿನ ಗಂಡುಮಕ್ಕಳಿಗೆ ತೂಕವನ್ನು 22.7ರಿಂದ ಗುಣಿಸಿ 505 ಕೂಡಿಸಬೇಕು. ದಿನಕ್ಕೆ ಸುಮಾರು 777 ಕ್ಯಾಲರಿ ಆಯಿತು. ಕಾಯಿಲೆ ಜೋರಿದೆಯೆಂದು ಅದರ ಮೇಲೆ ಇನ್ನಷ್ಟು ಸೇರಿಸುವ ಹಳೆಯ ರೂಢಿಯನ್ನು ನಾನು ಬಿಟ್ಟಿದ್ದೇನೆ. ಅಲುಗಾಡದೆ ಮಲಗಿದ ಮಗುವಿಗೆ ತುರುಕಿದರೆ ಉಸಿರಾಟಕ್ಕೇ ಭಾರ. ಪ್ರೊಟೀನ್ ಮಾತ್ರ ಕಿಲೋಗೆ ದಿನಕ್ಕೆ ಕನಿಷ್ಠ 1.5 ಗ್ರಾಂ, ಅಂದರೆ 18 ಗ್ರಾಂ. 2017ರ ಅಮೆರಿಕದ ಮಾರ್ಗಸೂಚಿ ಹೇಳುವುದು ಇಷ್ಟು: 24ರಿಂದ 48 ಗಂಟೆಯೊಳಗೆ ಹೊಟ್ಟೆಯ ದಾರಿಯಲ್ಲೇ ಶುರುಮಾಡಿ, ಮೊದಲ ವಾರ ಮುಗಿಯುವುದರೊಳಗೆ ಗುರಿಯ ಮೂರನೇ ಎರಡು ಪಾಲಾದರೂ ಮುಟ್ಟಿಸಿ.

‘ಕರುಳಿನ ಸದ್ದು ಕೇಳಲಿ, ಆಮೇಲೆ ನೋಡೋಣ’ ಎಂದರು ಡ್ಯೂಟಿ ಡಾಕ್ಟರು. ಸದ್ದಿಗೆ ಕಾಯಬೇಕಿಲ್ಲ ಎಂದು ಸರ್ಜನ್ನರೇ ಹೇಳಿದ ಮೇಲೆ, ಎರಡನೇ ದಿನ ಮೂಗಿನ ನಳಿಗೆಯಲ್ಲಿ ಪಂಪು ಹಚ್ಚಿ ಗಂಟೆಗೆ 10 ಮಿ.ಲೀ.ನಂತೆ ಫಾರ್ಮುಲಾ, ಅಂದರೆ ಡಬ್ಬಿ ಪುಡಿ ಕಲಸಿದ ದ್ರವ ಆಹಾರ, ಬಿಟ್ಟೆವು. ಒಂದು ಮಿ.ಲೀ.ಗೆ ಒಂದು ಕ್ಯಾಲರಿ ಇರುವಂಥದ್ದು. ವಾಂತಿ ಇಲ್ಲ, ಹೊಟ್ಟೆ ಉಬ್ಬಲಿಲ್ಲ. ಮೂರನೇ ದಿನ ಬೆಳಿಗ್ಗೆ ಗಂಟೆಗೆ 20 ಮಾಡಿ, ಫೈಲಿನಲ್ಲಿ ‘480 ಕ್ಯಾಲರಿ’ ಎಂದು ಬರೆದು, ಸಂಜೆ ಖುಷಿಯಿಂದಲೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಪಂಪಿನ ಗುಂಡಿ ಒತ್ತಿ ಒಟ್ಟು ಲೆಕ್ಕ ನೋಡಿದರೆ 270 ಮಿ.ಲೀ.!

ಸಿಸ್ಟರ್ ಜೊತೆ ಕೂತು ಒಂದೊಂದೇ ಗಂಟೆ ಬಿಡಿಸಿದೆವು. ಸ್ಕ್ಯಾನಿಗೆ ಒಯ್ಯುವ ಮೊದಲು ನಿಲ್ಲಿಸಿ ವಾಪಸು ತಂದು ಶುರುಮಾಡುವಷ್ಟರಲ್ಲಿ ಮೂರೂವರೆ ತಾಸು. ಡ್ರೆಸ್ಸಿಂಗಿಗೆ ಒಂದು ತಾಸು. ಬೆಳಗಿನ ಜಾವ ಉಸಿರಿನ ನಳಿಗೆ ತೆಗೆಯುವುದೆಂದು ರಾತ್ರಿ ಎರಡಕ್ಕೆ ನಿಲ್ಲಿಸಿದ್ದರು. ಕಫ ಹೆಚ್ಚಿದ್ದರಿಂದ ತೆಗೆಯುವುದು ಮುಂದಕ್ಕೆ ಹೋಯಿತು, ಆದರೆ ಪಂಪು ಮತ್ತೆ ಹಚ್ಚಿ ಅಂತ ಯಾರೂ ಹೇಳಲಿಲ್ಲ. ಎಂಟಾದರೂ ನಿಂತೇ ಇತ್ತು. ಯಾರ ಮೇಲೂ ಸಿಟ್ಟು ಮಾಡುವ ಹಾಗಿರಲಿಲ್ಲ. ನಾನು ಬರೆದಿಟ್ಟದ್ದು ನನ್ನ ಆರ್ಡರು, ಮಗುವಿನ ಊಟವಲ್ಲ.

ಅವತ್ತೇ ನನ್ನ ನೋಟ್‌ಬುಕ್ಕಿನಲ್ಲಿ ಮೂರು ಮನೆ ಎಳೆದೆ: ಹೇಳಿದ್ದು, ಹೋದದ್ದು, ಯಾಕೆ ನಿಂತಿತು. ಡಾಕ್ಟರರನ್ನು ಒಪ್ಪಿಸಿ, ಗಂಟೆಗಿಷ್ಟು ಎನ್ನುವ ಬದಲು ದಿನಕ್ಕಿಷ್ಟು ಎಂದು ಬರೆಯತೊಡಗಿದೆ. ನಿಂತು ತಪ್ಪಿದ್ದನ್ನು ಉಳಿದ ತಾಸುಗಳಿಗೆ ಹಂಚುವುದು, ವೇಗ ಮಾತ್ರ ಒಂದೂವರೆ ಪಟ್ಟು ಮೀರಬಾರದು. ಕೊರತೆ ನೋಡಿ ಸರ್ಜನ್ನರು ರಕ್ತನಾಳದಲ್ಲೇ ಪೋಷಣೆ ಕೊಡೋಣವೇ ಎಂದು ಕೇಳಿದರು. 2016ರಲ್ಲಿ ಪ್ರಕಟವಾದ ಪೆಪಾನಿಕ್ ಅಧ್ಯಯನದಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್, ಕೆನಡಾದ 1,440 ಮಕ್ಕಳಿದ್ದರು. ರಕ್ತನಾಳದ ಪೋಷಣೆಯನ್ನು ಒಂದು ವಾರ ತಡೆದು ಕೊಟ್ಟ ಮಕ್ಕಳಿಗೇ ಸೋಂಕು ಕಡಿಮೆ, ಐಸಿಯುನಿಂದ ಬೇಗ ಹೊರಬಂದವರೂ ಅವರೇ. ಕರುಳು ಕೆಲಸ ಮಾಡುತ್ತಿರುವಾಗ ಅವಸರ ಬೇಡವೆಂದೆ, ಒಪ್ಪಿದರು.

ಇನ್ನೊಂದು ಹೆದರಿಕೆ ಬಡಕಲು ಮಕ್ಕಳದ್ದೇ. ಹಸಿದ ಮೈಗೆ ಒಮ್ಮೆಲೇ ಆಹಾರ ಸಿಕ್ಕರೆ ರಕ್ತದ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯುತ್ತವೆ. ನಮ್ಮಲ್ಲಿ ಫಾಸ್ಫರಸ್ಸನ್ನು ಬೇರೆಯಾಗಿ ಬರೆದು ಕಳಿಸದಿದ್ದರೆ ಲ್ಯಾಬಿನವರು ಮಾಡುವುದಿಲ್ಲ. ಬರೆದು ಕಳಿಸಿದ್ದಕ್ಕೇ ನಾಲ್ಕನೇ ದಿನ ಇಳಿದದ್ದು ಗೊತ್ತಾಯಿತು. ಎರಡು ದಿನ ಪಂಪಿನ ವೇಗ ಏರಿಸದೆ ಔಷಧಿಯಲ್ಲಿ ಸರಿಮಾಡಿದರು.

ಹುಡುಗನ ಅಜ್ಜಿಗೆ ಆ ಡಬ್ಬಿ ಪುಡಿ ಕಂಡರಾಗದು. ದಿನಾ ಬಾಗಿಲಲ್ಲಿ ಕುಚ್ಚಲಕ್ಕಿ ಗಂಜಿ ತಿಳಿಯ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. ‘ಅಕ್ಕೋರೇ, ಇದನ್ನೇ ಕುಡಿದು ನಾವೆಲ್ಲ ಬದುಕ್ಲಿಲ್ಲವಾ?’ ತಿಳಿಯಲ್ಲಿ ಪ್ರೊಟೀನ್ ಇಲ್ಲವೆಂಬಷ್ಟು ಕಡಿಮೆ, ನಳಿಗೆಯೂ ಕಟ್ಟಿಕೊಳ್ಳುತ್ತದೆ. ಆದರೆ ಬೇಡ ಎಂದಷ್ಟೇ ಹೇಳಿದರೆ ಆಕೆ ನಾನಿಲ್ಲದಾಗ ಬಿಡುವವಳೇ. ‘ಅಮ್ಮಾ, ಬಾಯಲ್ಲಿ ಉಣ್ಣುವ ದಿನ ಬರಲಿ, ಗಂಜಿ ನೀವೇ ಮಾಡಿಕೊಡಬೇಕು’ ಎಂದೆ.

ಆ ದಿನ ಒಂಬತ್ತನೆಯದಾಗಿತ್ತು. ಗಂಜಿಯಲ್ಲಿ ಹೆಸರುಬೇಳೆ ಕರಗುವಂತೆ ಬೇಯಿಸಿ, ಮೇಲೆ ಒಂದು ಚಮಚ ತೆಂಗಿನೆಣ್ಣೆ. ಆ ಒಂದು ಚಮಚದಲ್ಲೇ 40 ಕ್ಯಾಲರಿ. ಜೊತೆಗೆ ಒಂದು ಮೊಟ್ಟೆ, ಅದರಲ್ಲಿ 6 ಗ್ರಾಂ ಪ್ರೊಟೀನ್. ಎಣ್ಣೆ ಹಾಕುವುದನ್ನು ನೋಡಿ ಅಜ್ಜಿ ಮುಖ ಕಿವಿಚಿದಳು. ಮೊಮ್ಮಗ ಬಟ್ಟಲು ನೆಕ್ಕಿದ.

ಮನೆಗೆ ಹೋಗುವಾಗ 11.6 ಕಿಲೋ. ಮೂರು ಮನೆ ಎಳೆಯುವುದನ್ನು ಅವನ ಅಕ್ಕನಿಗೆ ಕಲಿಸಿ ಕಳಿಸಿದ್ದೆ. ಮೂರನೇ ಕ್ಲಾಸಿನ ಹುಡುಗಿ. ಮೂರು ವಾರ ಬಿಟ್ಟು ಬಂದಾಗ ತೂಕ 12.4 ಆಗಿತ್ತು. ಅಜ್ಜಿ ಸೆರಗಿನೊಳಗಿಂದ ಕಾಪಿ ಪುಸ್ತಕ ತೆಗೆದುಕೊಟ್ಟಳು. ಒಂದು ಸಾಲು ಹೀಗಿತ್ತು: ‘ಹೇಳಿದ್ದು: ಮೊಟ್ಟೆ 1. ಹೋದದ್ದು: ಅರ್ಧ. ಯಾಕೆ: ಉಳಿದದ್ದು ಬೆಕ್ಕಿಗೆ ಕೊಟ್ಟ.’