ಶಾಂಘೈನ ತ್ಸಿಫಾನ್: ಅಂಟಕ್ಕಿಯ ಬೆಳಗಿನ ಸುರುಳಿ

ಚೀನಾದ ಶಾಂಘೈನಲ್ಲಿ ಬೆಳಗಿನ ನಾಲ್ಕು ತಿಂಡಿಗಳಿಗೆ ‘ನಾಲ್ವರು ದಿಕ್ಪಾಲಕರು’ ಎಂದೇ ಹೆಸರು. ಬೆಂಕಿಯಲ್ಲಿ ಸುಟ್ಟ ದಾಬಿಂಗ್ ರೊಟ್ಟಿ, ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಕರಿದ ಉದ್ದನೆಯ ಯೊತಿಯಾವ್, ಸೋಯಾ ಹಾಲು, ಜತೆಗೆ ತ್ಸಿಫಾನ್. ಬಿಸಿ ಅಂಟಕ್ಕಿ ಅನ್ನದೊಳಗೆ ಯೊತಿಯಾವ್ ಇಟ್ಟು ಬಿಗಿಯಾಗಿ ಸುತ್ತಿದರೆ ತ್ಸಿಫಾನ್ ಆಯಿತು. ಹೊರಗೆ ಮೆತ್ತಗೆ, ಒಳಗೆ ಗರಿಗರಿ: ಈ ಎರಡೂ ಒಟ್ಟಿಗೆ ಬಾಯಿಗೆ ಸಿಗಬೇಕು.

ನಾಲ್ಕು ಸುರುಳಿಗೆ 300 ಗ್ರಾಂ ಅಂಟಕ್ಕಿ ಬೇಕು. ಸೋನಾ ಮಸೂರಿ, ರಾಜಮುಡಿ ಯಾವುದೂ ಇದಕ್ಕೆ ಆಗದು. ಸಾಮಾನ್ಯ ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಎಂಬ ಅಂಶ ಇರುವುದರಿಂದ ಅನ್ನ ಉದುರುತ್ತದೆ. ಅಂಟಕ್ಕಿಯಲ್ಲಿ ಬಹುಪಾಲು ಅಂಟು ತರುವ ಅಮೈಲೋಪೆಕ್ಟಿನ್ನೇ. ಅಸ್ಸಾಮಿನ ಬೊರಾ ಅಕ್ಕಿ ಸಿಕ್ಕರೆ ನಡೆಯುತ್ತದೆ.

ಅಕ್ಕಿಯನ್ನು ತೊಳೆದು, ಮುಳುಗುವಷ್ಟು ನೀರಿನಲ್ಲಿ ಕನಿಷ್ಠ 8 ಗಂಟೆ ನೆನೆಸಿ. ಉಗುರಿನಲ್ಲಿ ಒತ್ತಿದರೆ ಕಾಳು ಸುಲಭವಾಗಿ ಪುಡಿಯಾಗಬೇಕು. ಆಮೇಲೆ ನೀರನ್ನು ಪೂರ್ತಿ ಬಸಿಯಿರಿ. ಹೆಚ್ಚಿನವರು ತಪ್ಪುವುದು ಇದರ ನಂತರ: ನೀರು ಹಾಕಿ ಕುಕ್ಕರಿನಲ್ಲಿ ಬೇಯಿಸುತ್ತಾರೆ. ಕಾಳುಗಳು ಒಡೆದು ಅನ್ನ ಮುದ್ದೆಯಾಗುತ್ತದೆ, ಯೊತಿಯಾವ್ ಅದರ ತೇವ ಹೀರಿ ಜೋತುಬೀಳುತ್ತದೆ. ಅಂಟಕ್ಕಿ ಹಬೆಯಲ್ಲೇ ಬೇಯಬೇಕು. ಇಡ್ಲಿ ಪಾತ್ರೆಯೊಳಗೆ ತೂತಿನ ತಟ್ಟೆಯಿಟ್ಟು, ಒದ್ದೆ ಬಟ್ಟೆ ಹಾಸಿ, ಅಕ್ಕಿಯನ್ನು ಎರಡು ಬೆರಳು ದಪ್ಪಕ್ಕೆ ಹರಡಿ. ಹಬೆ ನಡುವಿಗೂ ತಲುಪಲೆಂದು ಕಡ್ಡಿಯಿಂದ ಅಲ್ಲಲ್ಲಿ ತೂತು ಮಾಡಿ. ಜೋರು ಹಬೆಯಲ್ಲಿ 30ರಿಂದ 35 ನಿಮಿಷ ಸಾಕು. ಅರ್ಧ ಹೊತ್ತಿಗೆ ಮೂರು ಚಮಚ ಬಿಸಿನೀರು ಚಿಮುಕಿಸಿ ಮೇಲೆ ಕೆಳಗೆ ಮಾಡಿ. ಚಿಮುಕಿಸದಿದ್ದರೆ ಮೇಲಿನ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ಅನ್ನ ಬೇಯುವಾಗ ಎರಡು ಯೊತಿಯಾವ್‌ಗಳನ್ನು ಅರ್ಧರ್ಧ ಮಾಡಿಕೊಳ್ಳಿ. ಮೊದಲೇ ಕರಿದದ್ದಾದರೂ 180 ಡಿಗ್ರಿ ಎಣ್ಣೆಯಲ್ಲಿ ಒಂದು ನಿಮಿಷ ಮತ್ತೆ ಕರಿಯಿರಿ, ಬಿಸ್ಕತ್ತಿನಂತೆ ಸದ್ದು ಮಾಡುವವರೆಗೆ. ಇದನ್ನು ಬಿಟ್ಟರೆ ತಿಂಡಿಯೇ ಕೆಟ್ಟಂತೆ.

ಹೂರಣಕ್ಕೆ ಝಾತ್ಸಾಯ್ ಬೇಕು. ಇದು ಸಾಸಿವೆ ಜಾತಿಯ ಗಿಡದ ಗೆಡ್ಡೆಯಂಥ ಕಾಂಡದ ಉಪ್ಪಿನಕಾಯಿ. ಚೀನಾದ ಛೊಂಗ್‌ಛಿಂಗ್‌ನ ಫೂಲಿಂಗ್ ಪ್ರದೇಶದ್ದು ಹೆಸರುವಾಸಿ. ಉಪ್ಪು ಜಾಸ್ತಿ, ಆದ್ದರಿಂದ ತೊಳೆದು, ಹಿಂಡಿ, ಸಣ್ಣಗೆ ಹೆಚ್ಚಿ. ಒಂದು ಸುರುಳಿಗೆ ಎರಡು ಚಮಚ ಸಾಕು. ಜತೆಗೆ ಹಂದಿಮಾಂಸದ ಎಳೆಪುಡಿ (ಬೇಯಿಸಿ ಒಣಗಿಸಿ ಹತ್ತಿಯಂತೆ ಬಿಡಿಸಿದ ಮಾಂಸ) ಒಂದು ದೊಡ್ಡ ಚಮಚ. ಸಿಹಿ ಬೇಕೆನ್ನುವವರು ಇವೆರಡನ್ನೂ ಬಿಟ್ಟು ಎರಡು ಚಮಚ ಸಕ್ಕರೆ ಉದುರಿಸುತ್ತಾರೆ. ಅದೂ ಹಳೆಯ ಪದ್ಧತಿಯೇ, ಮಾಂಸ ತಿನ್ನದವರಿಗೂ ಒಗ್ಗುತ್ತದೆ.

ಒದ್ದೆ ಮಾಡಿ ಹಿಂಡಿದ ಬಟ್ಟೆಯ ಮೇಲೆ 110 ಗ್ರಾಂ ಬಿಸಿ ಅನ್ನವನ್ನು ಅಂಗೈಯಗಲಕ್ಕೆ, ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ. ಅನ್ನ ತಣ್ಣಗಾದರೆ ಅಂಚು ಕೂಡುವುದಿಲ್ಲ, ಬಿರುಕು ಬಿಡುತ್ತದೆ. ಹೂರಣವನ್ನು ನಡುವೆ ಉದುರಿಸಿ, ಮೇಲೆ ಯೊತಿಯಾವ್ ಇಟ್ಟು, ಬಟ್ಟೆಸಮೇತ ಮಡಚಿ ಎರಡೂ ತುದಿಗಳನ್ನು ಹಿಂಡುತ್ತಾ ಬಿಗಿ ಮಾಡಿ. ಸಡಿಲವಾದರೆ ಮೊದಲ ತುತ್ತಿಗೇ ಬಿಚ್ಚಿಕೊಳ್ಳುತ್ತದೆ.

ಸುತ್ತಿದ ಹತ್ತು ಹದಿನೈದು ನಿಮಿಷದಲ್ಲಿ ಬಿಸಿ ಸೋಯಾ ಹಾಲಿನೊಂದಿಗೆ ತಿನ್ನಿ. ಫ್ರಿಜ್‌ನಲ್ಲಿಟ್ಟರೆ ಅನ್ನ ಗಟ್ಟಿಯಾಗುತ್ತದೆ, ಯೊತಿಯಾವ್ ಮೆತ್ತಗಾಗುತ್ತದೆ. ಉಳಿದದ್ದು ಬರಿ ಅನ್ನವಾದರೆ ಮಾತ್ರ 10 ನಿಮಿಷ ಮತ್ತೆ ಹಬೆ ಕೊಟ್ಟು, ಹೊಸದಾಗಿ ಕರಿದ ಯೊತಿಯಾವ್ ಇಟ್ಟು ಸುತ್ತಿ.